ಮುಖ ಕಸಿ: ಆಪರೇಷನ್ ಆದ ಹತ್ತು ವರ್ಷಕ್ಕೆ ಏನಾಗುತ್ತದೆ?

ಎರಡು ಫೋಟೋಗಳು ಅಕ್ಕಪಕ್ಕ. ಎಡಗಡೆ ಮೂಗು, ತುಟಿ ಇಲ್ಲದ, ನೋಡಲು ಸಂಕಟವಾಗುವ ಒಂದು ಮುಖ. ಬಲಗಡೆ ಅದೇ ಮನುಷ್ಯ, ಗಡ್ಡ ಬಿಟ್ಟುಕೊಂಡು ನಗುತ್ತಿದ್ದಾನೆ. ಕೆಳಗೊಂದು ಸಾಲು: ‘ವಿಜ್ಞಾನದ ಪವಾಡ! ಸತ್ತವರ ಮುಖವನ್ನು ಬದುಕಿರುವವರಿಗೆ ಜೋಡಿಸಿದ ಡಾಕ್ಟರ್‌ಗಳು. ಎಲ್ಲರಿಗೂ ಶೇರ್ ಮಾಡಿ.’ ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಇಂಥ ಫೋಟೋಗಳಲ್ಲಿ ಎಷ್ಟೋ ನಿಜವಾದವೇ. ಮುಖ ಕಸಿ 2005ರಿಂದಲೂ ನಡೆಯುತ್ತಿದೆ. (2024ರ ಮೇ ತಿಂಗಳಲ್ಲಿ ಓಡಾಡಿದ, ರೋಬೋಟ್‌ಗಳು ಒಬ್ಬರ ತಲೆಯನ್ನು ಇನ್ನೊಬ್ಬರ ದೇಹಕ್ಕೆ ಜೋಡಿಸುವ ವಿಡಿಯೋ ಮಾತ್ರ ಕಂಪ್ಯೂಟರ್‌ನಲ್ಲಿ ಮಾಡಿದ ಕಲ್ಪನೆ. ಅಂಥ ಯಂತ್ರ ಎಲ್ಲೂ ಇಲ್ಲ.) ಆದರೆ ಬಲಗಡೆಯ ಆ ನಗುಮುಖದ ಫೋಟೋ ತೆಗೆದಿರುವುದು ಸಾಮಾನ್ಯವಾಗಿ ಆಪರೇಷನ್ ಆದ ಒಂದೆರಡು ವರ್ಷಕ್ಕೆ. ಹತ್ತು ವರ್ಷದ ನಂತರದ ಮೂರನೇ ಫೋಟೋವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಮೂರನೇ ಫೋಟೋದಲ್ಲಿ ಏನಿರುತ್ತದೆ ಎಂದು ಈಗ ಸಾಕಷ್ಟು ಗೊತ್ತಾಗಿದೆ.

ಇದು ಪ್ಲಾಸ್ಟಿಕ್ ಸರ್ಜರಿಯೇ?

ಪ್ಲಾಸ್ಟಿಕ್ ಸರ್ಜನ್‌ಗಳೇ ಮಾಡುವುದು, ಆದರೆ ಚರ್ಮ ಬಿಗಿ ಮಾಡಿಸುವುದು, ಮೂಗು ತಿದ್ದಿಸುವುದು ಇತ್ಯಾದಿಗೂ ಇದಕ್ಕೂ ಸಂಬಂಧವಿಲ್ಲ. ಮಿದುಳು ನಿಷ್ಕ್ರಿಯವಾದ, ಹೃದಯ ಇನ್ನೂ ಬಡಿಯುತ್ತಿರುವ ದಾನಿಯ ಮುಖದ ಚರ್ಮ, ಅದರಡಿಯ ಕೊಬ್ಬು, ಸ್ನಾಯು, ನರ, ರಕ್ತನಾಳಗಳನ್ನು ಒಟ್ಟಾಗಿ ತೆಗೆಯುತ್ತಾರೆ. ಬೇಕಾದರೆ ದವಡೆಯ ಮೂಳೆ ಮತ್ತು ಹಲ್ಲು ಕೂಡ. ಕೆಲವೇ ಮಿಲಿಮೀಟರ್ ದಪ್ಪದ ರಕ್ತನಾಳಗಳನ್ನೂ ಅದಕ್ಕಿಂತ ಸಣ್ಣ ನರಗಳನ್ನೂ ಮೈಕ್ರೋಸ್ಕೋಪ್ ಕೆಳಗೆ ಹೊಲಿಯಬೇಕು. 2015ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ಯಾಟ್ರಿಕ್ ಹಾರ್ಡಿಸನ್ ಎಂಬ ಅಗ್ನಿಶಾಮಕ ಸಿಬ್ಬಂದಿಗೆ ಮಾಡಿದ ಆಪರೇಷನ್ 26 ಗಂಟೆ ಹಿಡಿಯಿತು. 2016ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ನಡೆದದ್ದಕ್ಕೆ 56 ಗಂಟೆ ಬೇಕಾಯಿತು.

ಇಷ್ಟು ಕಷ್ಟಪಡುವ ಬದಲು ತೊಡೆಯ ಚರ್ಮ ತೆಗೆದು ಹಾಕಬಾರದೇ? ಹಾಕುತ್ತಾರೆ. ಮುಖ ಕಸಿಯವರೆಗೆ ಬರುವ ರೋಗಿಗಳಿಗೆ ಅದಕ್ಕೆ ಮೊದಲೇ ಹತ್ತಾರು ಆಪರೇಷನ್ ಆಗಿರುತ್ತವೆ. ತೊಡೆಯ ಚರ್ಮ ಗಾಯ ಮುಚ್ಚುತ್ತದೆ, ಆದರೆ ಅದರಿಂದ ತುಟಿ ಮಾಡಲಾಗದು. ತುಟಿ, ಕಣ್ಣಿನ ರೆಪ್ಪೆ ಎರಡರ ಸುತ್ತಲೂ ಬಳೆಯ ಹಾಗೆ ಸುತ್ತಿಕೊಂಡ ಸ್ನಾಯುಗಳಿವೆ. ಅವು ಬಿಗಿದಾಗ ಬಾಯಿ ಮುಚ್ಚುತ್ತದೆ, ಕಣ್ಣು ಮುಚ್ಚುತ್ತದೆ. ದೇಹದ ಬೇರೆ ಜಾಗದಿಂದ ತಂದ ಚರ್ಮಕ್ಕೆ ಆ ಕೆಲಸ ಬರುವುದಿಲ್ಲ. ಗುಂಡೇಟು, ಬೆಂಕಿ, ಹೈವೋಲ್ಟೇಜ್ ಕರೆಂಟ್, ಪ್ರಾಣಿ ದಾಳಿಯಿಂದ ಮುಖದ ನಡುಭಾಗವೇ ಹೋದಂಥವರಿಗೆ ಇದನ್ನು ಯೋಚಿಸುವುದು ಈ ಕಾರಣಕ್ಕೆ.

ಮೊದಲ ಮುಖ

ಇಸಬೆಲ್ ದಿನ್ವಾರ್ ಫ್ರಾನ್ಸಿನ 38 ವರ್ಷದ ಮಹಿಳೆ. 2005ರ ಮೇ ತಿಂಗಳಲ್ಲಿ ನಿದ್ರೆ ಮಾತ್ರೆ ನುಂಗಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಗ ಮನೆಯ ನಾಯಿಯೇ ಅವರ ಮೂಗು, ತುಟಿ, ಗಲ್ಲವನ್ನು ಕಚ್ಚಿ ಹಾಕಿತ್ತು. ಅದೇ ವರ್ಷ ನವೆಂಬರ್ 27ರಂದು ಅಮಿಯಾ ನಗರದಲ್ಲಿ ಬರ್ನಾರ್ ದೆವೋಶೆಲ್ ಮತ್ತು ಜೀನ್ ಮಿಶೆಲ್ ದ್ಯುಬರ್ನಾರ್ ಅವರ ತಂಡ ದಾನಿಯೊಬ್ಬರ ಮೂಗು, ತುಟಿ, ಗಲ್ಲ ಸೇರಿದ ತ್ರಿಕೋನವನ್ನು ಅವರಿಗೆ ಜೋಡಿಸಿತು. ಮೂರು ತಿಂಗಳೊಳಗೆ ಅವರು ಪತ್ರಕರ್ತರ ಮುಂದೆ ಕೂತು ಮಾತಾಡಿದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದದ್ದು ಆ ಫೋಟೋ.

ಡಾಕ್ಟರ್‌ಗಳು 18 ತಿಂಗಳ ನಂತರ ಬರೆದ ವರದಿ ಅಷ್ಟು ಸುದ್ದಿಯಾಗಲಿಲ್ಲ. ಓದಬೇಕಾದ್ದು ಅದನ್ನೇ. ಆರು ತಿಂಗಳಿಗೆ ಬಿಸಿ, ತಣ್ಣಗೆ, ಮುಟ್ಟಿದ್ದು ಎಲ್ಲ ತಿಳಿಯತೊಡಗಿತ್ತು. ಹತ್ತನೇ ತಿಂಗಳಿಗೆ ಎರಡೂ ತುಟಿ ಸೇರಿ ಬಾಯಿ ಪೂರ್ತಿ ಮುಚ್ಚಲು ಬಂತು. ಜೊತೆಗೇ, 18ನೇ ದಿನ ಒಮ್ಮೆ, 214ನೇ ದಿನ ಮತ್ತೊಮ್ಮೆ ದೇಹ ಹೊಸ ಮುಖವನ್ನು ತಿರಸ್ಕರಿಸಲು ಹೊರಟಿತ್ತು. ಔಷಧಿಯಿಂದಾಗಿ ಕಿಡ್ನಿಯ ಶಕ್ತಿ ಕುಗ್ಗಿತ್ತು. ವೈರಸ್ ಸೋಂಕುಗಳೂ ಆಗಿದ್ದವು.

ಹತ್ತು ವರ್ಷ ಹೀಗೆ ಕಳೆಯಿತು. ಕೊನೆಕೊನೆಗೆ ಮತ್ತೆ ತಿರಸ್ಕಾರ ಕಾಣಿಸಿಕೊಂಡು ತುಟಿಗಳ ಚಲನೆ ಸ್ವಲ್ಪ ಮಟ್ಟಿಗೆ ಹೋಯಿತು. 2016ರ ಏಪ್ರಿಲ್‌ನಲ್ಲಿ, 49ನೇ ವಯಸ್ಸಿಗೆ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಕ್ಯಾನ್ಸರ್ ಮಾತ್ರೆಗಳಿಂದಲೇ ಬಂತು ಎಂದು ಒಬ್ಬ ರೋಗಿಯ ವಿಷಯದಲ್ಲಿ ಬೆರಳಿಟ್ಟು ತೋರಿಸಲಾಗದು. ಆದರೆ ಅಂಗ ಕಸಿಯಾದವರು ನುಂಗುವ ಮಾತ್ರೆಗಳು ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತವೆ ಎನ್ನುವುದು ಬಹಳ ಹಿಂದೆಯೇ ಗೊತ್ತಿರುವ ಸಂಗತಿ.

ಯಾಕೆ ಜೀವನಪೂರ್ತಿ ಮಾತ್ರೆ?

ನಮ್ಮ ರೋಗನಿರೋಧಕ ವ್ಯವಸ್ಥೆಗೆ ‘ಇದು ದಾನ ಬಂದದ್ದು’ ಎಂದು ತಿಳಿಯುವುದಿಲ್ಲ. ಹೊರಗಿನದ್ದು ಎಂದಷ್ಟೇ ತಿಳಿಯುತ್ತದೆ, ಮುಗಿಬೀಳುತ್ತದೆ. ಕಸಿ ಮಾಡುವ ಅಂಗಗಳಲ್ಲಿ ಚರ್ಮದ ಮೇಲೆ ಈ ದಾಳಿ ತುಂಬಾ ಜೋರು. ಚರ್ಮ ಹೊರಗಿನ ರೋಗಾಣುಗಳನ್ನು ತಡೆಯುವ ಗಡಿಯಲ್ಲವೇ, ಅದರಲ್ಲಿ ಕಾವಲು ಕಣಗಳೂ ಜಾಸ್ತಿ. ಹಾಗಾಗಿ ಮುಖ ಕಸಿ ಮಾಡಿಸಿಕೊಂಡವರು ಸಾಮಾನ್ಯವಾಗಿ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಸ್ಟಿರಾಯ್ಡ್ ಎಂಬ ಮೂರು ಬಗೆಯ ಔಷಧಿಗಳಿಂದ ಈ ವ್ಯವಸ್ಥೆಯನ್ನು ಬದುಕಿರುವಷ್ಟು ದಿನ ತಗ್ಗಿಸಿ ಇಡಬೇಕು.

ಬೆಲೆ ಏನು? ಬೇರೆಯವರಿಗೆ ನೆಗಡಿಯಲ್ಲಿ ಮುಗಿಯುವ ಸೋಂಕು ಇವರನ್ನು ಆಸ್ಪತ್ರೆಗೆ ಸೇರಿಸಬಹುದು. ಟ್ಯಾಕ್ರೋಲಿಮಸ್ ವರ್ಷಗಟ್ಟಲೆ ಹೋದರೆ ಕಿಡ್ನಿ ಸವೆಯುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಶುರುವಾಗಬಹುದು. ಸ್ಟಿರಾಯ್ಡ್‌ನಿಂದ ಮೂಳೆ ಟೊಳ್ಳಾಗುತ್ತದೆ. ಚರ್ಮದ ಕ್ಯಾನ್ಸರ್, ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಕಿಡ್ನಿ ಕಸಿ ಮಾಡಿಸಿಕೊಂಡವರೂ ಇವೇ ಮಾತ್ರೆ ನುಂಗುತ್ತಾರಲ್ಲ ಎಂದು ನೀವು ಕೇಳಬಹುದು. ಹೌದು. ಆದರೆ ಅವರ ಮುಂದಿರುವ ಇನ್ನೊಂದು ದಾರಿ ಡಯಾಲಿಸಿಸ್, ಇಲ್ಲವೇ ಸಾವು. ಮುಖ ಹೋದವರ ಹೃದಯ, ಕಿಡ್ನಿ, ಶ್ವಾಸಕೋಶ ಬಹುತೇಕ ಗಟ್ಟಿಯಾಗಿರುತ್ತವೆ, ಮುಖ ಇಲ್ಲದೆಯೂ ಅವರು ಹಲವು ವರ್ಷ ಬದುಕಬಲ್ಲರು. ಅಂಥ ದೇಹಕ್ಕೆ ಆಯಸ್ಸು ಕಡಿಮೆ ಮಾಡಬಹುದಾದ ಔಷಧಿ ಕೊಡುವುದು ಸರಿಯೇ? 2005ಕ್ಕೆ ಮುಂಚೆಯೇ ಡಾಕ್ಟರ್‌ಗಳು ಜಗಳವಾಡಿದ್ದು ಈ ಪ್ರಶ್ನೆಯ ಮೇಲೆ. ಇಂದಿಗೂ ಅದು ಪೂರ್ತಿ ಬಗೆಹರಿದಿಲ್ಲ.

ಮಾತ್ರೆ ನಿಲ್ಲಿಸಿ ನೋಡುವ ಪ್ರಯತ್ನವೂ ಆಗಿದೆ. 2009ರಲ್ಲಿ ಚಿಂಪಾಂಜಿ ದಾಳಿಯಲ್ಲಿ ಮುಖ, ಕೈಗಳನ್ನು ಕಳೆದುಕೊಂಡು 2011ರಲ್ಲಿ ಮುಖ ಕಸಿಯಾದ ಅಮೆರಿಕದ ಶಾರ್ಲಾ ನ್ಯಾಶ್, ಅಲ್ಲಿನ ರಕ್ಷಣಾ ಇಲಾಖೆಯ ಹಣದಲ್ಲಿ ನಡೆದ ಒಂದು ಪ್ರಯೋಗಕ್ಕೆ ಒಪ್ಪಿಕೊಂಡಿದ್ದರು. ಔಷಧಿಯನ್ನು ನಿಧಾನವಾಗಿ ಇಳಿಸುತ್ತಾ ಬಂದರು. 2016ರಲ್ಲಿ ದೇಹ ಮುಖವನ್ನು ತಿರಸ್ಕರಿಸತೊಡಗಿತು. ಪ್ರಯೋಗ ಕೈಬಿಟ್ಟು ಮತ್ತೆ ಹಳೆಯ ಮಾತ್ರೆಗಳಿಗೇ ಮರಳಬೇಕಾಯಿತು.

‘ಇಮ್ಯುನಿಟಿ ಹೆಚ್ಚಿಸುವ ಕಷಾಯ’ದ ಫಾರ್ವರ್ಡ್ ಕಳಿಸುವ ಮುಂಚೆ

ಈ ಭಾಗ ಮುಖ ಕಸಿಗಷ್ಟೇ ಅಲ್ಲ, ನಿಮ್ಮ ಮನೆಯಲ್ಲೋ ನೆಂಟರಲ್ಲೋ ಕಿಡ್ನಿ, ಲಿವರ್ ಕಸಿಯಾದವರಿದ್ದರೆ ಅವರಿಗೂ ಅನ್ವಯಿಸುತ್ತದೆ. ಚೀನಾದ ಲೀ ಗುವೋಶಿಂಗ್ ಎಂಬ ರೈತನ ಮುಖವನ್ನು ಕರಡಿ ಹರಿದಿತ್ತು. 2006ರ ಏಪ್ರಿಲ್‌ನಲ್ಲಿ ಶಿಯಾನ್ ನಗರದಲ್ಲಿ ಅವರಿಗೆ ಮುಖ ಕಸಿಯಾಯಿತು. ಊರಿಗೆ ಹೋದ ಮೇಲೆ ಅವರು ಆಸ್ಪತ್ರೆಯ ಮಾತ್ರೆ ಬಿಟ್ಟು ನಾಟಿ ಗಿಡಮೂಲಿಕೆ ಔಷಧಿ ಹಿಡಿದರು ಎಂದು ಅವರ ಡಾಕ್ಟರ್‌ಗಳು ಹೇಳಿದರು. 2008ರಲ್ಲಿ ತೀರಿಕೊಂಡರು.

ಕಸಿಯಾದವರ ರೋಗನಿರೋಧಕ ಶಕ್ತಿಯನ್ನು ಡಾಕ್ಟರ್‌ಗಳು ಬೇಕೆಂದೇ ತಗ್ಗಿಸಿಟ್ಟಿರುತ್ತಾರೆ. ಅದನ್ನು ‘ಹೆಚ್ಚಿಸುತ್ತೇನೆ’ ಎನ್ನುವ ಯಾವ ಪುಡಿ, ಕಷಾಯ, ಲೇಹ್ಯವೂ ಅವರಿಗೆ ಡಾಕ್ಟರನ್ನು ಕೇಳದೆ ಬೇಡ. ಟ್ಯಾಕ್ರೋಲಿಮಸ್ ಬಹಳ ಸೂಕ್ಷ್ಮದ ಔಷಧಿ. ರಕ್ತದಲ್ಲಿ ಸ್ವಲ್ಪ ಕಡಿಮೆಯಾದರೆ ತಿರಸ್ಕಾರ, ಸ್ವಲ್ಪ ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಗ್ರೇಪ್‌ಫ್ರೂಟ್ ಹಣ್ಣು ಅದರ ಮಟ್ಟವನ್ನು ಏರಿಸುತ್ತದೆ, ಅದರ ಬಂಧುವಾದ ನಮ್ಮ ಚಕ್ಕೋತವನ್ನೂ ತಿನ್ನಬೇಡಿ ಎನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಕೆಲವು ಆ್ಯಂಟಿಬಯಾಟಿಕ್‌ಗಳೂ ಅದರ ಲೆಕ್ಕ ತಪ್ಪಿಸುತ್ತವೆ. ಅದು ಎಷ್ಟು ದುಬಾರಿಯಾಗಬಹುದು ಎನ್ನುವುದಕ್ಕೆ ಮುಂದಿನ ಕಥೆ ನೋಡಿ.

ಮೂರು ಮುಖಗಳ ಮನುಷ್ಯ

ಫ್ರಾನ್ಸಿನ ಜೆರೋಮ್ ಆಮೋ ಅವರಿಗೆ ಹುಟ್ಟಿನಿಂದಲೇ ಮುಖದ ತುಂಬಾ ಗೆಡ್ಡೆಗಳು ಬೆಳೆಯುವ ನ್ಯೂರೋಫೈಬ್ರೊಮಟೋಸಿಸ್ ಎಂಬ ಕಾಯಿಲೆ. 2010ರಲ್ಲಿ ಡಾಕ್ಟರ್ ಲೊರಾನ್ ಲಾಂಟಿಯೇರಿ ಅವರಿಗೆ ಪೂರ್ತಿ ಹೊಸ ಮುಖ ಜೋಡಿಸಿದರು. ಐದು ವರ್ಷ ಚೆನ್ನಾಗಿತ್ತು. 2015ರಲ್ಲಿ ಒಂದು ಸಾಮಾನ್ಯ ನೆಗಡಿಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡರು. ಅದು ಕಸಿಯ ಔಷಧಿಗೆ ಹೊಂದುವಂಥದ್ದಾಗಿರಲಿಲ್ಲ. ಮರುವರ್ಷ ತಿರಸ್ಕಾರದ ಲಕ್ಷಣ ಕಾಣಿಸಿತು, ಮುಖ ಹಾಳಾಗುತ್ತಾ ಹೋಯಿತು. 2017ರ ಕೊನೆಯಲ್ಲಿ ಅದನ್ನು ತೆಗೆದುಹಾಕಲೇಬೇಕಾಯಿತು. ಹೊಸ ದಾನಿ ಸಿಗುವವರೆಗೆ ಸುಮಾರು ಎರಡು ತಿಂಗಳು ಅವರು ಆಸ್ಪತ್ರೆಯಲ್ಲಿ ಮುಖವಿಲ್ಲದೆ, ರೆಪ್ಪೆಯಿಲ್ಲದೆ, ಮಾತಾಡಲಾಗದೆ ಇದ್ದರು. 2018ರ ಜನವರಿಯಲ್ಲಿ ಮತ್ತೊಬ್ಬ ದಾನಿಯ ಮುಖ ಜೋಡಿಸಿದರು. ಒಬ್ಬರಿಗೇ ಎರಡನೇ ಬಾರಿ ಮುಖ ಕಸಿಯಾದದ್ದು ಜಗತ್ತಿನಲ್ಲಿ ಅದೇ ಮೊದಲು.

ತಿರಸ್ಕಾರದಲ್ಲಿ ಎರಡು ಬಗೆ. ಒಂದು ದಿಢೀರನೆ ಬರುತ್ತದೆ: ಮುಖ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ. ಬಹುತೇಕ ಎಲ್ಲ ರೋಗಿಗಳಿಗೂ ಒಂದಲ್ಲ ಒಂದು ಸಲ ಇದು ಬರುತ್ತದೆ. ಕಿಡ್ನಿಯಾದರೆ ಒಳಗಿನದ್ದು, ರಕ್ತ ಪರೀಕ್ಷೆಯೇ ಬೇಕು. ಮುಖವಾದರೆ ಕನ್ನಡಿಯಲ್ಲೇ ಕಾಣುತ್ತದೆ, ಬೇಗ ಹೋದರೆ ಔಷಧಿ ಹೆಚ್ಚಿಸಿ ತಡೆಯಬಹುದು. ಇನ್ನೊಂದು ಸದ್ದಿಲ್ಲದೆ ವರ್ಷಗಟ್ಟಲೆ ನಡೆಯುವಂಥದ್ದು. ಒಳಗಿನ ರಕ್ತನಾಳಗಳು ಕಿರಿದಾಗುತ್ತವೆ, ಚರ್ಮ ಗಡಸಾಗುತ್ತದೆ, ಅಲ್ಲಲ್ಲಿ ಸತ್ತು ಕಪ್ಪಾಗುತ್ತದೆ. ಇದಕ್ಕೆ ಒಳ್ಳೆಯ ಮದ್ದು ಇನ್ನೂ ಇಲ್ಲ.

ಅಮೆರಿಕದ ಕಾರ್ಮೆನ್ ಟಾರ್ಲ್‌ಟನ್ ಅವರ ಕಥೆ ನಮ್ಮಲ್ಲಿ ಆಸಿಡ್ ದಾಳಿಗೆ ಒಳಗಾದ ಹೆಣ್ಣುಮಕ್ಕಳಿಗೆ ಹತ್ತಿರದ್ದು. 2007ರಲ್ಲಿ ಆಗ ದೂರವಾಗಿದ್ದ ಗಂಡ ಅವರ ಮೇಲೆ ಕಾರ್ಖಾನೆಯಲ್ಲಿ ಬಳಸುವ ಕ್ಷಾರ ಸುರಿದಿದ್ದ. 2013ರಲ್ಲಿ ಬೋಸ್ಟನ್‌ನಲ್ಲಿ ಮುಖ ಕಸಿಯಾಯಿತು, 2019ರ ಹೊತ್ತಿಗೆ ಅದು ಸೋಲತೊಡಗಿತು, 2020ರ ಜುಲೈನಲ್ಲಿ ಎರಡನೆಯದನ್ನು ಜೋಡಿಸಿದರು. ಆಗಿರುವುದೆಲ್ಲ ಗೊತ್ತಿದ್ದೂ ಅವರು ಎರಡನೇ ಸಲ ಒಪ್ಪಿದರು ಎನ್ನುವುದನ್ನು ಗಮನಿಸಿ.

ಹಾಗಾದರೆ ಯಾಕೆ ಒಪ್ಪುತ್ತಾರೆ?

ಕನ್ನಡಿಗರಿಗೆ ಇದನ್ನು ಹೇಳಲು ಸುಲಭದ ದಾರಿಯಿದೆ. ಎರಡು ತುಟಿ ತಾಗಿಸದೆ ‘ಅಮ್ಮ’ ಎಂದು ಹೇಳಿ ನೋಡಿ. ‘ಅಪ್ಪ’, ‘ಬಾ’ ಅನ್ನಿ. ವರ್ಣಮಾಲೆಯ ಪ, ಫ, ಬ, ಭ, ಮ ಅಷ್ಟೂ ತುಟಿಯ ಅಕ್ಷರಗಳು. ತುಟಿ ಇಲ್ಲದವರಿಗೆ ಇವು ಬಾರವು. ಕಾಫಿ ಕುಡಿದರೆ ಗಲ್ಲದ ಮೇಲೆ ಇಳಿಯುತ್ತದೆ, ಜೊಲ್ಲು ನಿಲ್ಲುವುದಿಲ್ಲ. ರೆಪ್ಪೆ ಇಲ್ಲದಿದ್ದರೆ ಕಣ್ಣು ಒಣಗಿ ದೃಷ್ಟಿಯೇ ಹೋಗಬಹುದು.

2004ರಲ್ಲಿ ಗಂಡನ ಗುಂಡೇಟಿಗೆ ಮುಖದ ನಡುಭಾಗ ಕಳೆದುಕೊಂಡ ಕಾನಿ ಕಲ್ಪ್, ಗಂಟಲಿಗೆ ಕೊರೆದ ತೂತಿನಿಂದ ಉಸಿರಾಡುತ್ತಿದ್ದರು. ಗಟ್ಟಿ ಆಹಾರ ತಿನ್ನಲು, ವಾಸನೆ ಹಿಡಿಯಲು ಆಗುತ್ತಿರಲಿಲ್ಲ. 2008ರ ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಅವರಿಗೆ ಅಮೆರಿಕದ ಮೊದಲ ಮುಖ ಕಸಿಯಾಯಿತು. ಆಮೇಲೆ ಅಗಿದು ತಿಂದರು, ವಾಸನೆ ಬಂತು, ಜನರ ಮುಂದೆ ನಿಂತು ಮಾತಾಡಿದರು. 2020ರಲ್ಲಿ ತೀರಿಕೊಳ್ಳುವವರೆಗೆ ಹನ್ನೊಂದೂವರೆ ವರ್ಷ ಆ ಮುಖದೊಂದಿಗೆ ಬದುಕಿದರು. ಹಾರ್ಡಿಸನ್‌ಗೆ ರೆಪ್ಪೆ ಬಂದ ಮೇಲೆ ಕಣ್ಣು ಮುಚ್ಚಿ ನಿದ್ದೆ ಮಾಡಲು, ಮತ್ತೆ ಕಾರು ಓಡಿಸಲು ಸಾಧ್ಯವಾಯಿತು.

ಇದರ ಮೇಲೊಂದು ಲಾಭವಿದೆ. ಸಂತೆಯಲ್ಲಿ, ಬಸ್ಸಿನಲ್ಲಿ ಯಾರೂ ತಿರುಗಿ ನೋಡದಿರುವುದು. ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯದಿರುವುದು. ಯಾರ ಗಮನಕ್ಕೂ ಬಾರದೆ ನಡೆದು ಹೋಗುವುದು ಎಷ್ಟು ದೊಡ್ಡ ಸುಖ ಎಂದು ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ನಮಗದು ದಿನವೂ ಇದೆ. ಹಾಗೆಂದು ಹೊಸ ಮುಖ ಹಳೆಯ ನೋವನ್ನೆಲ್ಲ ಅಳಿಸುವುದಿಲ್ಲ. ಲಾಂಟಿಯೇರಿ ತಂಡ ಕಸಿ ಮಾಡಿದ ಏಳು ರೋಗಿಗಳಲ್ಲಿ ಒಬ್ಬರು ಮೂರು ವರ್ಷ ದಾಟಿದ ಮೇಲೆ ಆತ್ಮಹತ್ಯೆ ಮಾಡಿಕೊಂಡರು. ಮನೋವೈದ್ಯರ ನೆರವು, ಜೊತೆಗಿರುವ ಕುಟುಂಬ ಇವೆಯೇ ಎಂದು ಮೊದಲೇ ನೋಡುವುದು ಇದಕ್ಕೇ.

ಲೆಕ್ಕ ಏನು ಹೇಳುತ್ತದೆ?

2024ರಲ್ಲಿ ‘ಜಾಮಾ ಸರ್ಜರಿ’ ಪತ್ರಿಕೆಯಲ್ಲಿ ಬಂದ ಅಧ್ಯಯನ 2005ರಿಂದ 2021ರವರೆಗೆ 11 ದೇಶಗಳಲ್ಲಿ 48 ಜನರಿಗೆ ನಡೆದ 50 ಮುಖ ಕಸಿಗಳನ್ನು ಒಟ್ಟುಗೂಡಿಸಿತು. ಐದು ವರ್ಷಕ್ಕೆ ಶೇ 85ರಷ್ಟು, ಹತ್ತು ವರ್ಷಕ್ಕೆ ಶೇ 74ರಷ್ಟು ಮುಖಗಳು ಉಳಿದಿದ್ದವು. ಅಂದರೆ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಆರು ಮುಖಗಳು ಕೈಕೊಟ್ಟವು, ಹತ್ತು ರೋಗಿಗಳು ತೀರಿಕೊಂಡರು. ಇಷ್ಟು ಹೊಸದಾದ, ಇಷ್ಟು ಕಷ್ಟದ ಆಪರೇಷನ್‌ಗೆ ಇದು ಒಳ್ಳೆಯ ಅಂಕಿ ಎಂದೇ ನಮ್ಮ ಅನಿಸಿಕೆ. ಆದರೆ ಸಂಖ್ಯೆ ಬಹಳ ಸಣ್ಣದು ಎನ್ನುವುದನ್ನು ಮರೆಯುವಂತಿಲ್ಲ. ಭಾರತ ಒಂದರಲ್ಲೇ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಕಿಡ್ನಿ ಕಸಿ ನಡೆಯುತ್ತವೆ. ರೋಗಿಗಳಲ್ಲಿ ಹೆಚ್ಚಿನವರು ಮೂವತ್ತು ನಲವತ್ತರ ಆಸುಪಾಸಿನವರು. ಉಳಿದ ಜೀವನ ಇನ್ನೂ ಉದ್ದವಿದೆ, ಇಪ್ಪತ್ತನೇ ವರ್ಷಕ್ಕೆ ಶೇಕಡಾ ಎಷ್ಟು ಎಂದು ಹೇಳುವಷ್ಟು ಕಾಲ ಇನ್ನೂ ಕಳೆದಿಲ್ಲ.

ದಾನಿಯ ಹಾಗೆಯೇ ಕಾಣುತ್ತಾರೆಯೇ?

ಇಲ್ಲ. 1997ರ ‘ಫೇಸ್/ಆಫ್’ ಎಂಬ ಹಾಲಿವುಡ್ ಸಿನಿಮಾದಲ್ಲಿ ಪೊಲೀಸ್ ಮತ್ತು ಕಳ್ಳ ಮುಖ ಅದಲುಬದಲು ಮಾಡಿಕೊಂಡು ಎಲ್ಲರನ್ನೂ ಏಮಾರಿಸುತ್ತಾರೆ. ನಿಜದಲ್ಲಿ ಚರ್ಮ ಹೊಸದಾದರೂ ಅದು ಕೂರುವುದು ರೋಗಿಯ ಮೂಳೆಯ ಮೇಲೆ. ದಿಂಬಿನ ಕವರ್ ಬದಲಿಸಿದರೆ ದಿಂಬಿನ ಆಕಾರ ಬದಲಾಗುವುದಿಲ್ಲವಲ್ಲ. ಬರುವುದು ಇಬ್ಬರಿಗೂ ಪೂರ್ತಿ ಸೇರದ ಮೂರನೆಯದೊಂದು ಮುಖ. ಮೇಯೋ ಕ್ಲಿನಿಕ್‌ನ ಆ 56 ಗಂಟೆಗಳ ಕಸಿಯ ನಂತರ, ದಾನಿಯ ಹೆಂಡತಿ 2017ರಲ್ಲಿ ರೋಗಿಯನ್ನು ಭೇಟಿಯಾದರು. ಎದುರಿಗಿದ್ದದ್ದು ಗಂಡನ ಮುಖದಂತೆ ಇರಲಿಲ್ಲ. ಆದರೆ ಗಲ್ಲದ ನಡುವೆ ಗಡ್ಡ ಬೆಳೆಯದ ಒಂದು ಸಣ್ಣ ಜಾಗವಿತ್ತು. ಅದನ್ನು ಅವರು ಗುರುತು ಹಿಡಿದರು.

‘ಸುಶ್ರುತ ಆಗಲೇ ಮುಖ ಕಸಿ ಮಾಡಿದ್ದ’ ಎನ್ನುವುದು?

ಇದೂ ಆಗಾಗ ಬರುವ ಫಾರ್ವರ್ಡ್. ಅರ್ಧ ಸತ್ಯ. ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ವಿಧಾನ ಇದೆ, ಅದು ಹೆಮ್ಮೆಪಡುವಂಥದ್ದೇ. ಈ ವಿದ್ಯೆ ಯುರೋಪಿಗೆ ಗೊತ್ತಾದದ್ದರಲ್ಲಿ ಮೈಸೂರಿಗೂ ಒಂದು ಪಾತ್ರವಿದೆ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಪುಣೆಯ ಕಡೆ ಈ ಕೆಲಸದಲ್ಲಿ ಪಳಗಿದ್ದವನೊಬ್ಬ ಅವನ ಹಣೆಯ ಚರ್ಮ ಇಳಿಸಿ ಮೂಗು ಮಾಡಿಕೊಟ್ಟ. ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಆ ವಿವರ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಚಿತ್ರ ಸಮೇತ ಅಚ್ಚಾಯಿತು.

ಆದರೆ ಅದು ಅವನದೇ ಚರ್ಮ. ತನ್ನದನ್ನು ದೇಹ ತಿರಸ್ಕರಿಸುವುದಿಲ್ಲ, ಮಾತ್ರೆಯೂ ಬೇಡ. 1994ರಲ್ಲಿ ಪಂಜಾಬಿನ ಒಂಬತ್ತು ವರ್ಷದ ಹುಡುಗಿಯೊಬ್ಬಳ ಜಡೆ ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಮುಖವೇ ಕಿತ್ತುಬಂದಾಗ, ಚೀಲದಲ್ಲಿ ತಂದ ಅದೇ ಮುಖವನ್ನು ಡಾಕ್ಟರ್‌ಗಳು ಮತ್ತೆ ಹೊಲಿದು ಬದುಕಿಸಿದರು. ಅದೂ ಅದ್ಭುತ ಕೆಲಸ, ಆದರೆ ಅದು ಮರುಜೋಡಣೆ. ಇನ್ನೊಬ್ಬರ ಮುಖವನ್ನು ಉಳಿಸಿಕೊಳ್ಳುವ ಕಷ್ಟ ಬೇರೆಯೇ.

ನಮ್ಮಲ್ಲಿ?

ಆ 11 ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಇದೇ ಮಾತ್ರೆಗಳ ಮೇಲೆ ನಿಂತಿರುವ ಕೈ ಕಸಿ ಮಾತ್ರ 2015ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಶುರುವಾಗಿದೆ.

ಇಂಥ ಫಾರ್ವರ್ಡ್‌ಗಳಿಂದ ಆಗುವ ಒಂದು ಹಾನಿಯೆಂದರೆ, ‘ಅಂಗದಾನಕ್ಕೆ ಸಹಿ ಹಾಕಿದರೆ ಮುಖವನ್ನೂ ಕಿತ್ತುಕೊಳ್ಳುತ್ತಾರೆ’ ಎಂಬ ಭಯ. ಮುಖ ಕಸಿ ನಡೆಯುವ ಅಮೆರಿಕದಲ್ಲೂ ಸಾಮಾನ್ಯ ಅಂಗದಾನದ ಒಪ್ಪಿಗೆ ಮುಖಕ್ಕೆ ಸಾಲದು. ಕುಟುಂಬದವರನ್ನು ಬೇರೆಯಾಗಿ ಕೇಳಬೇಕು, ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ದಾನ ಪಡೆದ ಕಡೆಗಳಲ್ಲಿ ದಾನಿಗೆ ಅವರದೇ ಮುಖದಂಥ ಮುಖವಾಡ ಮಾಡಿ ಹೊದಿಸಿದ್ದೂ ಇದೆ. ಇನ್ನು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಚರ್ಮ ಬ್ಯಾಂಕಿಗೆ ಕೊಡುವ ಚರ್ಮದಾನಕ್ಕೂ ಮುಖಕ್ಕೂ ಸಂಬಂಧವೇ ಇಲ್ಲ. ಸತ್ತ ಕೆಲವು ಗಂಟೆಗಳೊಳಗೆ ತೊಡೆ, ಕಾಲು, ಬೆನ್ನಿನಿಂದ ಕಾಗದದಷ್ಟು ತೆಳುವಾದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ. ಅದು ಸುಟ್ಟ ಗಾಯದವರ ಮೈಗೆ ಕೆಲವು ವಾರಗಳ ಮಟ್ಟಿಗೆ ಹೊದಿಕೆಯಾಗುತ್ತದೆ. ಅಷ್ಟರೊಳಗೆ ರೋಗಿ ಚೇತರಿಸಿಕೊಳ್ಳುತ್ತಾರೆ, ಆಮೇಲೆ ಅವರದೇ ಚರ್ಮವನ್ನು ತೆಗೆದು ಹಾಕುತ್ತಾರೆ.